ಮಾತ್ರೆಯೂ ಮರ್ಯಾದೆಯೂ

ಈ ಪತ್ರಿಕೆಯ ಪುಟಗಳಲ್ಲಿ ನಾನು ಹಿಂದೆ ಬರೆದದ್ದೆಲ್ಲ ಕಾಸರಗೋಡಿನ ಕನ್ನಡ ಶಾಲೆಗಳ ಕುರಿತು, ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಕುರಿತು, ರಾಜ್ಯೋತ್ಸವದ ಆಚೆಗೆ ಹೊರನಾಡ ಸಂಘಗಳು ಏನು ಮಾಡಬಲ್ಲವು ಎಂಬುದರ ಕುರಿತು. ಈ ಸಲ ಒಂದು ಮಾತ್ರೆಯ ಕುರಿತು ಬರೆಯಬೇಕಾಗಿದೆ. ಛಂದಸ್ಸಿನ ಮಾತ್ರೆಯಲ್ಲ, ರಾತ್ರಿ ಊಟದ ನಂತರ ನೀರಿನೊಡನೆ ನುಂಗುವ ಪುಟ್ಟ ಬಿಳಿಯ ಮಾತ್ರೆ. ಸ್ವಂತದ ರೋಗಪುರಾಣವನ್ನು ಹತ್ತು ಜನರ ಮುಂದೆ ಹರಡುವುದು ನನಗೆ ರುಚಿಸುವ ಕೆಲಸವಲ್ಲ. ಆದರೆ ಈ ಪುರಾಣದಲ್ಲಿ ಸಂಘದ ಹಣದ ಲಕೋಟೆಯೊಂದು ಬರುತ್ತದೆಯಾದ್ದರಿಂದ ಅದನ್ನು ಸಂಘದ ಪತ್ರಿಕೆಯಲ್ಲಿಯೇ ಹೇಳುವುದು ನ್ಯಾಯವೆಂದು ತೋರಿತು.

ಕೊಚ್ಚಿಗೆ ಬಂದು ನೆಲೆಸಿ ನನಗೆ ಮೂವತ್ತು ವರ್ಷಗಳ ಮೇಲಾಯಿತು. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಕಾಲುಗಳಿಗೆ ಒಂದು ವಿಚಿತ್ರ ವ್ಯಥೆ ಹತ್ತಿಕೊಂಡಿತು. ಹಗಲು ಏನೂ ಇಲ್ಲ. ರಾತ್ರಿ ಮಲಗಿದೊಡನೆ ಮೀನಖಂಡಗಳ ಒಳಗೆ ಇರುವೆ ಹರಿದಂತೆ, ಎಳೆದಂತೆ. ಕಾಲು ಅಲ್ಲಾಡಿಸಿದರೆ, ಎದ್ದು ನಡೆದರೆ ಮಾತ್ರ ಶಮನ. ಕಲೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಡುರಾತ್ರಿ ನಾನು ಎಷ್ಟು ಮೈಲಿ ನಡೆದಿರಬಹುದೋ ಲೆಕ್ಕವಿಲ್ಲ. ಇದು ಹೊಸ ಕಾಯಿಲೆಯೇನಲ್ಲ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1672ರಷ್ಟು ಹಿಂದೆಯೇ ಇದನ್ನು ವರ್ಣಿಸಿದ್ದಾನೆ. ಸ್ವೀಡನ್ನಿನ ಎಕ್‌ಬೋಮ್ 1945ರಲ್ಲಿ ಇದಕ್ಕೆ ಕಾಲುಗಳ ಚಡಪಡಿಕೆ ಎಂಬರ್ಥದ ಹೆಸರನ್ನು ಕೊಟ್ಟ. 2022ರ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಅಲ್ಲಿಯ ವೈದ್ಯರೊಬ್ಬರು ಪ್ರಾಮಿಪೆಕ್ಸೋಲ್ ಎಂಬ ಮಾತ್ರೆಯನ್ನು ಬರೆದುಕೊಟ್ಟರು. ಮೂರನೆಯ ರಾತ್ರಿ ನಾನು ಬೆಳಗಿನವರೆಗೆ ನಿದ್ದೆ ಮಾಡಿದೆ. ಆ ವೈದ್ಯರನ್ನು ಮನಸ್ಸಿನಲ್ಲಿಯೇ ಧನ್ವಂತರಿಯೆಂದು ಕರೆದೆ.

ಹೊರನಾಡಿನವರ ಔಷಧೋಪಚಾರಕ್ಕೆ ಒಂದು ವಿಶಿಷ್ಟ ಲಕ್ಷಣವಿದೆ. ವಾಚಕರಲ್ಲಿ ಅನೇಕರು ಇದನ್ನು ಬಲ್ಲರು. ರೋಗನಿರ್ಣಯ ಊರಿನಲ್ಲಿ, ಔಷಧ ಖರೀದಿ ಇದ್ದೂರಿನಲ್ಲಿ, ಎರಡನೆಯ ಅಭಿಪ್ರಾಯ ಮಗನೋ ಮಗಳೋ ಇರುವ ಊರಿನಲ್ಲಿ. ಮೂರು ಊರುಗಳ ನಡುವೆ ಹಂಚಿಹೋದ ರೋಗಿಯನ್ನು ಇಡಿಯಾಗಿ ನೋಡುವವರು ಒಬ್ಬರೂ ಇರುವುದಿಲ್ಲ. ಊರಿನ ವೈದ್ಯರು ಎರಡು ತಿಂಗಳ ನಂತರ ಬನ್ನಿ ಎಂದಿದ್ದರು. ನಾನು ಹೋಗಲಿಲ್ಲ. ಕೊಚ್ಚಿಯ ಔಷಧದಂಗಡಿಯವನು ಹಳೆಯ ಚೀಟಿಯನ್ನೇ ನೋಡಿ ತಿಂಗಳು ತಿಂಗಳೂ ಮಾತ್ರೆ ಕೊಟ್ಟ. ಕೆಲವು ತಿಂಗಳಿಗೆ ಚಡಪಡಿಕೆ ಸಂಜೆಯೇ ಆರಂಭವಾಗತೊಡಗಿದಾಗ ಇಲ್ಲಿಯ ವೈದ್ಯರೊಬ್ಬರು ಐದು ನಿಮಿಷದಲ್ಲಿ ನೋಡಿ ಮಾತ್ರೆಯ ಪ್ರಮಾಣವನ್ನು ಏರಿಸಿದರು. ಔಷಧವೇ ರೋಗವನ್ನು ಹಗಲಿನತ್ತ ಸರಿಸಿ ಉಲ್ಬಣಗೊಳಿಸುವುದು ಈ ವರ್ಗದ ಮಾತ್ರೆಗಳ ಸುಪರಿಚಿತ ದೋಷವೆಂದು ನನಗೆ ಆಗ ತಿಳಿದಿರಲಿಲ್ಲ. ತಲೆಸುತ್ತು ಬಂದೀತು, ಹಗಲು ನಿದ್ದೆ ಬಂದೀತು, ವಾಹನ ನಡೆಸುವಾಗ ಜಾಗ್ರತೆ ಎಂದು ಇಬ್ಬರೂ ಹೇಳಿದ್ದರು. ಅದಕ್ಕಿಂತ ಹೆಚ್ಚಿನದನ್ನು ಇಬ್ಬರೂ ಹೇಳಲಿಲ್ಲ.

ಇನ್ನು ಲಾಟರಿಯ ವಿಚಾರ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು. ಅಲ್ಲಿಯ ಇಂದಿನ ತರುಣರಿಗೆ ಲಾಟರಿ ಚೀಟಿಯ ಪರಿಚಯವೇ ಇರಲಾರದು. ಕೇರಳದಲ್ಲಿ ಅದು ಸರ್ಕಾರದ ಇಲಾಖೆ. 1967ರಲ್ಲಿ ಪಿ. ಕೆ. ಕುಂಞು ಅವರು ಅರ್ಥಮಂತ್ರಿಯಾಗಿದ್ದಾಗ ಆರಂಭವಾಗಿ, 1968ರ ಜನವರಿ 26ರಂದು ಮೊದಲ ಎತ್ತುವಳಿ ನಡೆಯಿತು. ಚೀಟಿಗೆ 1 ರೂಪಾಯಿ, ಮೊದಲ ಬಹುಮಾನ 50 ಸಾವಿರ. ಮಲಯಾಳದಲ್ಲಿ ಅದರ ಅಧಿಕೃತ ಹೆಸರು ಭಾಗ್ಯಕ್ಕುರಿ. ಕನ್ನಡದ ಕಿವಿಗೆ ಇದರಲ್ಲಿ ಒಂದು ಕುರಿ ಕೇಳಿಸುತ್ತದೆಯೆಂದು ನಾನು ಸ್ನೇಹಿತರ ನಡುವೆ ವರ್ಷಗಟ್ಟಲೆ ನಗೆಯಾಡಿದ್ದೇನೆ. ಆ ಕುರಿ ನಾನೇ ಆಗುವೆನೆಂದು ಎಣಿಸಿರಲಿಲ್ಲ. ಚೀಟಿ ಮಾರುವವರು ಬೀದಿಯಲ್ಲಿ ‘ನಾಳೆಯಾಣ್, ನಾಳೆಯಾಣ್’ ಎಂದು ಕೂಗುತ್ತಾರೆ. ಎರಡು ಭಾಷೆಗಳಿಗೂ ಸಮಾನವಾದ ಶಬ್ದ ಈ ನಾಳೆ. ನಮ್ಮ ಕಡೆ ತೊಂಬತ್ತರ ದಶಕದಲ್ಲಿ ದೆವ್ವವನ್ನು ಓಡಿಸಲು ಮನೆಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಇಲ್ಲಿ ಅದೇ ನಾಳೆಯನ್ನು ತೋರಿಸಿ ಕರೆಯುತ್ತಾರೆ.

ಮೂವತ್ತು ವರ್ಷಗಳಲ್ಲಿ ನಾನು ಒಂದೇ ಒಂದು ಚೀಟಿಯನ್ನೂ ಕೊಂಡವನಲ್ಲ. ಸಂಭವನೀಯತೆಯ ಗಣಿತ ಗೊತ್ತಿದ್ದವನು. ಸಾಲಗಾರರಿಗೆ ಮಿತವ್ಯಯದ ಉಪದೇಶ ಮಾಡಿ ಸಂಬಳ ಪಡೆದವನು. 2023ರ ಜನವರಿಯ ಒಂದು ಬೆಳಗ್ಗೆ ಎರ್ನಾಕುಲಂ ಸೌತ್ ನಿಲ್ದಾಣದ ಹೊರಗೆ ಅಂಗವಿಕಲರೊಬ್ಬರಿಂದ ಕರುಣೆಯ ನೆಪದಲ್ಲಿ ಒಂದು ಚೀಟಿ ಕೊಂಡೆ. ಬೆಲೆ 40 ರೂಪಾಯಿ. ಮಧ್ಯಾಹ್ನ 3 ಗಂಟೆಗೆ ತಿರುವನಂತಪುರದ ಗೋರ್ಕಿ ಭವನದಲ್ಲಿ ಎತ್ತುವಳಿ. ಅಂದು 2 ಗಂಟೆ 50 ನಿಮಿಷಕ್ಕೆ ನನ್ನ ಮೈಯಲ್ಲಿ ಉಂಟಾದ ಉತ್ಸಾಹವನ್ನು ವರ್ಣಿಸುವುದು ಕಷ್ಟ. ಬಹುಮಾನ ಬರಲಿಲ್ಲ. ಬರದಿದ್ದುದು ಏನೂ ಅನ್ನಿಸಲಿಲ್ಲವೆಂಬುದೇ ಮುಖ್ಯ. ಮರುದಿನದ ಚೀಟಿ ಬೇಕಾಗಿತ್ತು, ಅಷ್ಟೆ. ಸ್ತ್ರೀಶಕ್ತಿ, ನಿರ್ಮಲ್, ಅಕ್ಷಯ, ಕಾರುಣ್ಯ ಎಂದು ವಾರಕ್ಕೆ ಏಳು ದಿನವೂ ಬೇರೆ ಬೇರೆ ಹೆಸರಿನ ಚೀಟಿಗಳಿದ್ದವು. ಮಾರ್ಚ್ ಹೊತ್ತಿಗೆ ದಿನಕ್ಕೆ ಇಪ್ಪತ್ತು, ಕೆಲವು ದಿನ ಮೂವತ್ತು. ಬಹುಮಾನ ಬಾರದ ಚೀಟಿಗಳನ್ನು ಎಸೆಯಲಾರದೆ ಕೊನೆಯ ಅಂಕೆಗಳ ಪ್ರಕಾರ ವಿಂಗಡಿಸಿ ರಬ್ಬರ್ ಹಾಕಿ ಬೂಟಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಆ ವಿಂಗಡಣೆಯೂ ಗಂಟೆಗಟ್ಟಲೆ ನಡೆಯುತ್ತಿತ್ತು. ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ಎಂಟು ತಿಂಗಳಲ್ಲಿ ಹೋದ ಹಣ ಸುಮಾರು 1 ಲಕ್ಷ 90 ಸಾವಿರ. ಒಂದು ಠೇವಣಿಯನ್ನು ಅವಧಿಗೆ ಮೊದಲೇ ಮುರಿದೆ. ಹೆಂಡತಿಗೆ ಹೇಳಲಿಲ್ಲ.

ಈಗ ಲಕೋಟೆಯ ಮಾತು. ಆ ವರ್ಷ ನಾನು ನಮ್ಮ ಸಂಘದ ಕೋಶಾಧಿಕಾರಿ. ಶಾಲೆ ತೆರೆಯುವ ಮುನ್ನ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ನೋಟ್‌ಪುಸ್ತಕ ಹಂಚಲೆಂದು ಸದಸ್ಯರಿಂದ ಸಂಗ್ರಹಿಸಿದ 38 ಸಾವಿರ ರೂಪಾಯಿ ನನ್ನ ಬೀರುವಿನಲ್ಲಿತ್ತು. ಮೇ ತಿಂಗಳ ಒಂದು ಸಂಜೆ ಕೈಯಲ್ಲಿ ಹಣ ಮುಗಿದಿತ್ತು. ನಾನು ಬೀರು ತೆರೆದೆ, ಲಕೋಟೆಯನ್ನು ಹೊರತೆಗೆದೆ, ನೋಟುಗಳನ್ನು ಎಣಿಸಿದೆ, ಅದರಿಂದ 2 ಸಾವಿರವನ್ನು ಬೇರೆಯಾಗಿ ಇಟ್ಟೆ. ನಾಳೆಯೇ ಮರಳಿ ಇಡುತ್ತೇನೆ ಎಂಬ ಪೂರ್ಣ ವಿಶ್ವಾಸವಿತ್ತು. ಬ್ಯಾಂಕಿನ ತಿಜೋರಿಯಿಂದ ಹಣ ತೆಗೆದು ಕೆಲಸ ಕಳೆದುಕೊಂಡ ಗುಮಾಸ್ತರ ವಿಚಾರಣೆಗಳಲ್ಲಿ ನಾನು ಕುಳಿತಿದ್ದೇನೆ. ಅವರೆಲ್ಲರೂ ಹೇಳಿದ ಮಾತು ಅದೇ. ಆ ನೆನಪೇ ತಡೆಯಿತೋ, ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು ತಡೆಯಿತೋ ಹೇಳಲಾರೆ. ನೋಟುಗಳನ್ನು ಮರಳಿ ಸೇರಿಸಿದೆ. ಮರುದಿನ ಬೆಳಗ್ಗೆ ಅಧ್ಯಕ್ಷರ ಮನೆಗೆ ಹೋಗಿ, ಊರಿಗೆ ಹೋಗಬೇಕಾಗಿದೆ ಎಂದು ಸುಳ್ಳು ಹೇಳಿ, ಲಕೋಟೆಯನ್ನು ಅವರ ಕೈಗೆ ಒಪ್ಪಿಸಿದೆ. ಅವರು ಪಾಪ, ಕಾಫಿ ಕೊಟ್ಟು ಕಳಿಸಿದರು.

ಇದನ್ನು ಕಂಡುಹಿಡಿದದ್ದು ನಾನಲ್ಲ. ಆ ವರ್ಷದ ಓಣಂ ರಜೆಗೆ ತಿರುವನಂತಪುರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಊಟದ ಮರುದಿನ ನಾನು ತಿರುಗಾಡಿ ಬರುತ್ತೇನೆಂದು ಹೊರಟವನು ನೆಟ್ಟಗೆ ಹೋದದ್ದು ಬೇಕರಿ ಜಂಕ್ಷನ್ನಿಗೆ. ಅಂದು ಅಲ್ಲಿ ನಡೆಯುವುದೇನೂ ಇರಲಿಲ್ಲ. ಎತ್ತುವಳಿಯ ಕಟ್ಟಡವನ್ನು ಹೊರಗಿನಿಂದ ನೋಡುವ ಆಸೆ ಮಾತ್ರ. ಕ್ಷೇತ್ರಕ್ಕೆ ಬಂದವನಂತೆ ಅದರೆದುರು ಬಹಳ ಹೊತ್ತು ನಿಂತಿದ್ದೆ. ಹಿಂದಿರುಗಿದಾಗ ಜೇಬಿನಲ್ಲಿ 500 ರೂಪಾಯಿಯ ಓಣಂ ಬಂಪರ್ ಚೀಟಿಗಳು ಹನ್ನೆರಡು ಇದ್ದವು. ಅಂಗಿ ಒಗೆಯಲು ತೆಗೆದ ಮಗಳ ಕೈಗೆ ಅವು ಸಿಕ್ಕಿದವು.

ಅಂದಿನ ರಾತ್ರಿಯ ಮಾತುಗಳನ್ನೆಲ್ಲ ಇಲ್ಲಿ ಬರೆಯಲಾರೆ. ಮಗಳು ಅತ್ತಳು. ಹೆಂಡತಿ ಅಳಲಿಲ್ಲ. “ದುಡ್ಡಿನ ಮಾತು ಆಮೇಲೆ ಆಗಲಿ. ನೀವು ಹೀಗಿರಲಿಲ್ಲ. ನಿಮಗೆ ಏನೋ ಆಗಿದೆ. ಎಂದಿನಿಂದ ಎಂದು ಹೇಳಿ, ರೀ” ಎಂದಳು. ಈ ‘ಎಂದಿನಿಂದ’ ಎಂಬ ಪ್ರಶ್ನೆಯೇ ನನ್ನನ್ನು ಉಳಿಸಿತು. ಆಕೆ ಹಾಲು, ಗ್ಯಾಸು, ಔಷಧ ಎಲ್ಲದರ ಲೆಕ್ಕವನ್ನೂ ಗೋಡೆಯ ಮನೋರಮಾ ಕ್ಯಾಲೆಂಡರಿನ ಮೇಲೆ ಬರೆಯುವವಳು. ಹಳೆಯ ಕ್ಯಾಲೆಂಡರುಗಳನ್ನು ಎಸೆಯುವವಳಲ್ಲ. ಕೊಚ್ಚಿಗೆ ಮರಳಿ 2022ರ, 2023ರ ಹಾಳೆಗಳನ್ನು ನೆಲದ ಮೇಲೆ ಹರಡಿದಳು. ಮಾತ್ರೆ ಆರಂಭವಾದ ತಿಂಗಳು, ಪ್ರಮಾಣ ಏರಿದ ತಿಂಗಳು, ನನ್ನ ನಿವೃತ್ತಿವೇತನದಿಂದ ಮನೆಖರ್ಚಿಗೆ ಬರುವ ಹಣ ಕಡಿಮೆಯಾದ ತಿಂಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತವು. ಮಾತ್ರೆಯೇ ಕಾರಣವೆಂದು ಆಕೆಗೆ ತಿಳಿದಿತ್ತೆಂದಲ್ಲ. ಜಾತಕ ಹೊಂದಿಸುವವರಂತೆ ದಿನಾಂಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟಳು, ಅಷ್ಟೇ.

ಮಗಳು ತಿರುವನಂತಪುರದಲ್ಲಿ ಒಬ್ಬ ನರರೋಗತಜ್ಞೆಯ ಭೇಟಿಯನ್ನು ಗೊತ್ತುಮಾಡಿದಳು. ಬೆಳಗಿನ ವಂಚಿನಾಡ್ ರೈಲು ಹಿಡಿದು ಹೋದೆವು. ಕಾಲಿನ ವ್ಯಥೆಯನ್ನು ನಾನು ಇಂಗ್ಲಿಷಿನಲ್ಲಿ ವಿವರವಾಗಿ ಹೇಳಿದೆ; ಲಾಟರಿಯ ಸುದ್ದಿಯನ್ನೇ ಎತ್ತಲಿಲ್ಲ. ಅದು ನನ್ನ ಗುಣದೋಷ, ಅದಕ್ಕೂ ನರರೋಗತಜ್ಞೆಗೂ ಏನು ಸಂಬಂಧ? ಚೀಟಿಯಲ್ಲಿದ್ದ ಮಾತ್ರೆಯ ಹೆಸರು ನೋಡಿದೊಡನೆ ಆಕೆ ಲೇಖನಿ ಕೆಳಗಿಟ್ಟು ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ತಿರುಗಿದರು. ಇತ್ತೀಚೆಗೆ ಇವರು ಬೇಡದ ವಸ್ತುಗಳನ್ನು ಕೊಳ್ಳುತ್ತಾರೆಯೇ, ಜೂಜಿಗೆ ಹಣ ಹಾಕುತ್ತಾರೆಯೇ, ಅತಿಯಾಗಿ ತಿನ್ನುತ್ತಾರೆಯೇ, ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡುತ್ತಾರೆಯೇ, ಕಾಮಾಸಕ್ತಿಯಲ್ಲಿ ಬದಲಾವಣೆಯಿದೆಯೇ ಎಂದು ಸಂಕೋಚವಿಲ್ಲದೆ ಮಲಯಾಳದಲ್ಲಿ ಕೇಳಿದರು. ನನ್ನ ಹೆಂಡತಿ ತನ್ನ ಚೀಲದಿಂದ ಕ್ಯಾಲೆಂಡರ್ ಹಾಳೆಗಳನ್ನು ಹೊರತೆಗೆದಳು.

ನಂತರ ನಾನು ಓದಿ ತಿಳಿದುಕೊಂಡದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವೊಂದಿದೆ. ಅಂಗಾಂಗಗಳ ಚಲನೆಗೂ ಅದು ಬೇಕು. ಬಯಕೆಗೂ, ಬಹುಮಾನದ ನಿರೀಕ್ಷೆಗೂ ಅದೇ ಬೇಕು. ಇದು ತಿಳಿದುಬಂದ ಕಥೆಯಲ್ಲಿ ನಮ್ಮ ನೆಲದ ಎರಡು ಸಸ್ಯಗಳಿವೆ. ನಸುಗುನ್ನಿಯ ಬೀಜದಲ್ಲಿ ಡೋಪಮೈನಿನ ಪೂರ್ವರೂಪವಾದ ಎಲ್-ಡೋಪಾ ಇದೆಯೆಂದು 1937ರಲ್ಲಿಯೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಪ್ರಕಟಿಸಿದ್ದರು. ಎರಡನೆಯದು ಸರ್ಪಗಂಧ. ರಕ್ತದೊತ್ತಡಕ್ಕೆ ಅದು ಒಳ್ಳೆಯ ಔಷಧವೆಂದು ಮುಂಬಯಿಯ ಡಾ. ರುಸ್ತುಂ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಅದರ ಸಾರವಾದ ರೆಸರ್ಪಿನ್ ಲೋಕವನ್ನೆಲ್ಲ ಸುತ್ತಿತು. ಅದನ್ನು ನುಂಗಿದ ಕೆಲವರು ಅಕಾರಣವಾದ ವಿಷಾದದಲ್ಲಿ ಮುಳುಗಿದರೆಂಬ ವರದಿಗಳೂ ಹಿಂಬಾಲಿಸಿದವು. ಸ್ವೀಡನ್ನಿನ ಆರ್ವಿದ್ ಕಾರ್ಲ್‌ಸನ್ ಅದೇ ರೆಸರ್ಪಿನನ್ನು ಮೊಲಗಳಿಗೆ ಕೊಟ್ಟು, ಅವು ಅಲುಗಾಡದೆ ಬಿದ್ದಾಗ ಎಲ್-ಡೋಪಾ ಕೊಟ್ಟು ಎಬ್ಬಿಸಿದ. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೆ ದಾರಿ ತೆರೆದದ್ದು ಹೀಗೆ. ಕಾರ್ಲ್‌ಸನ್ನನಿಗೆ 2000ದಲ್ಲಿ ನೊಬೆಲ್ ಬಂತು.

ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮುಂತಾದವು ಡೋಪಮೈನಿನ ವೇಷ ಹಾಕಿ ಅದರ ಕೆಲಸವನ್ನು ಮಾಡುವ ಔಷಧಗಳು. ಚಲನೆಯ ಕೇಂದ್ರವನ್ನು ತಟ್ಟಲೆಂದು ಕೊಟ್ಟದ್ದು ಕೆಲವರಲ್ಲಿ ಬಯಕೆಯ ಕೇಂದ್ರವನ್ನೂ ತಟ್ಟುತ್ತದೆ. 2005ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಇಂತಹ ಮಾತ್ರೆಗಳ ನಂತರ ಜೂಜಿಗೆ ಬಿದ್ದ 11 ಮಂದಿ ಪಾರ್ಕಿನ್ಸನ್ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ 9 ಮಂದಿ ನುಂಗುತ್ತಿದ್ದುದು ಪ್ರಾಮಿಪೆಕ್ಸೋಲ್. 2010ರಲ್ಲಿ ಅಮೆರಿಕ ಮತ್ತು ಕೆನಡಾಗಳ 3,090 ರೋಗಿಗಳನ್ನು ಪರಿಶೀಲಿಸಿದಾಗ ಈ ವರ್ಗದ ಔಷಧ ಸೇವಿಸುವವರಲ್ಲಿ ಶೇಕಡಾ 17ರಷ್ಟು ಜನರಲ್ಲಿ ಇಂತಹ ತಡೆಯಲಾರದ ವರ್ತನೆಗಳು ಕಂಡವು. ಸೇವಿಸದವರಲ್ಲಿ ಶೇಕಡಾ 7ಕ್ಕಿಂತ ಕಡಿಮೆ. ಇದು ಪಾಶ್ಚಾತ್ಯರ ರೋಗವೆಂದು ತಳ್ಳಿಹಾಕುವಂತಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ತಜ್ಞರು ಭಾಗವಹಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವು ಭಾರತೀಯ ರೋಗಿಗಳಲ್ಲಿಯೂ ಇದನ್ನು ತೋರಿಸಿದೆ. ಅಲ್ಲಿ ಜೂಜಿಗಿಂತ ಹೆಚ್ಚಾಗಿ ಕಂಡದ್ದು, ಗುರಿಯಿಲ್ಲದೆ ವಸ್ತುಗಳನ್ನು ಜೋಡಿಸುವ, ಬಿಚ್ಚುವ, ವಿಂಗಡಿಸುವ ಚಟ. ನನ್ನ ಬೂಟಿನ ಪೆಟ್ಟಿಗೆಯ ಅರ್ಥ ನನಗೆ ಆಗ ತಿಳಿಯಿತು. ಇದು ನಾನಿರುವ ರಾಜ್ಯದ ರಾಜಧಾನಿಯಲ್ಲಿಯೇ, ನಾನು ಮಾತ್ರೆ ನುಂಗುವುದಕ್ಕೆ ಒಂಬತ್ತು ವರ್ಷ ಮೊದಲೇ ಅಚ್ಚಾಗಿದ್ದ ಜ್ಞಾನ.

ಹಾಗಾದರೆ ಆ ಎಂಟು ತಿಂಗಳು ಚೀಟಿ ಕೊಂಡವನು ನಾನೋ, ಮಾತ್ರೆಯೋ? ಮನೆಯವರು ಉದಾರವಾಗಿ ಮಾತ್ರೆಯೇ ಎಂದರು. ನನಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ, ಇಂದೂ ಆಗಿಲ್ಲ. ಬಯಕೆಯನ್ನು ಕೊಟ್ಟದ್ದು ಮಾತ್ರೆ, ನಿಜ. ಆದರೆ ಅದನ್ನು ಮುಚ್ಚಿಡಲು ಹೇಳಿದ ಸುಳ್ಳುಗಳು ನನ್ನವು. ಅವುಗಳಿಗೆ ಬಳಸಿದ ಜಾಣತನ ಬ್ಯಾಂಕಿನಲ್ಲಿ ಕಲಿತದ್ದು. ರೋಪಿನಿರೋಲ್ ನುಂಗಿ ಜೂಜಿಗೆ ಬಿದ್ದ ಫ್ರಾನ್ಸಿನ ಒಬ್ಬ ರೋಗಿಗೆ ಅಲ್ಲಿಯ ನ್ಯಾಯಾಲಯ 2012ರಲ್ಲಿ ಔಷಧ ತಯಾರಕರಿಂದ ಪರಿಹಾರ ಕೊಡಿಸಿತು. ನ್ಯಾಯಾಲಯ ಹಣವನ್ನು ಕೊಡಿಸಬಲ್ಲದು. ಲಕೋಟೆಯ ನೋಟುಗಳನ್ನು ಎಣಿಸಿದ ಕೈ ಯಾರದೆಂದು ತೀರ್ಪು ಕೊಡಲಾರದು. ಈ ಪ್ರಶ್ನೆಯನ್ನು ನಾನು ಹಾಗೆಯೇ ಇಟ್ಟುಕೊಂಡಿದ್ದೇನೆ. ಒಂದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ: ಇದು ಮಾತ್ರೆಯಿಂದ ಬರಬಹುದೆಂದು ಮೊದಲೇ ಗೊತ್ತಿದ್ದರೆ ಜನವರಿಯ ಆ ಮಧ್ಯಾಹ್ನವೇ ಹೆಂಡತಿಗೆ ಹೇಳುತ್ತಿದ್ದೆ. ಕಾಯಿಲೆಯನ್ನು ಯಾರೂ ಮುಚ್ಚಿಡುವುದಿಲ್ಲ. ದುರ್ಗುಣವನ್ನು ಮುಚ್ಚಿಡುತ್ತಾರೆ.

ಈ ಮಾತನ್ನು ವೈದ್ಯ ಮಿತ್ರರೊಬ್ಬರ ಮುಂದೆ ಇಟ್ಟಾಗ ಅವರು ಆಕ್ಷೇಪಿಸಿದರು. ನಾವು ಎಲ್ಲ ಅಡ್ಡಪರಿಣಾಮಗಳನ್ನೂ ಓದಿ ಹೇಳಿದರೆ ರೋಗಿ ಔಷಧವನ್ನೇ ನುಂಗಲಾರ. ಹೆದರಿಕೆಯಿಂದಲೇ ಅರ್ಧ ಲಕ್ಷಣಗಳು ಹುಟ್ಟಿಕೊಳ್ಳುತ್ತವೆ. ಹೊರಗೆ ಇನ್ನೂ ಎಂಬತ್ತು ಮಂದಿ ಕಾದಿರುತ್ತಾರೆ ಎಂದರು. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ ಅಡ್ಡಪರಿಣಾಮಗಳಲ್ಲಿ ಎರಡು ಜಾತಿಗಳಿವೆಯೆಂದು ನನ್ನ ವಾದ. ಮೈಮೇಲೆ ದದ್ದು ಎದ್ದರೆ ರೋಗಿಗೆ ಕಾಣುತ್ತದೆ. ವಾಂತಿಯಾದರೆ ತಿಳಿಯುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳಿಂದ ಬರುವ ಒಣಕೆಮ್ಮನ್ನು ಇಂದಲ್ಲ ನಾಳೆ ಯಾರಾದರೂ ಪತ್ತೆ ಮಾಡುತ್ತಾರೆ. ಆದರೆ ಬಯಕೆ ಬದಲಾದರೆ ರೋಗಿಗೆ ಕಾಣುವುದಿಲ್ಲ, ಏಕೆಂದರೆ ನೋಡುವ ಕಣ್ಣೇ ಬದಲಾಗಿರುತ್ತದೆ. ನನಗೆ ಆ ಎಂಟು ತಿಂಗಳು ಅಸ್ವಸ್ಥನೆಂದು ಒಂದು ದಿನವೂ ಅನ್ನಿಸಲಿಲ್ಲ. ಬಹಳ ವರ್ಷಗಳ ಮೇಲೆ ಚುರುಕಾಗಿದ್ದೇನೆ ಅನ್ನಿಸಿತ್ತು. ಆದ್ದರಿಂದ ನಲವತ್ತು ಅಡ್ಡಪರಿಣಾಮಗಳ ಪಟ್ಟಿ ಬೇಡ. ರೋಗಿ ತಾನೇ ಗುರುತಿಸಲಾರದ ಒಂದೆರಡನ್ನು, ರೋಗಿಗಲ್ಲ, ಅವನೊಡನೆ ಬಾಳುವವರಿಗೆ ಹೇಳಬೇಕು. ಇದಕ್ಕೆ ಒಂದು ನಿಮಿಷ ಸಾಕು. ಇವರ ಸ್ವಭಾವದಲ್ಲಿ, ಖರ್ಚಿನಲ್ಲಿ ಬದಲಾವಣೆ ಕಂಡರೆ ಬೈಯಬೇಡಿ, ಇಲ್ಲಿಗೆ ಕರೆತನ್ನಿ ಎಂಬ ಒಂದು ವಾಕ್ಯ. ಒಬ್ಬಂಟಿಯಾಗಿ ಬದುಕುವವರ ಗತಿಯೇನು ಎಂದು ಮಿತ್ರರು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಯಾವ ಭಾಷೆಯಲ್ಲಿ ಹೇಳಬೇಕು ಎಂಬುದು ನಮ್ಮಂಥವರಿಗೆ ಇನ್ನೊಂದು ತೊಡಕು. ಮಾತ್ರೆಯ ಪೆಟ್ಟಿಗೆಯೊಳಗಿನ ಕಾಗದ ಇಂಗ್ಲಿಷಿನಲ್ಲಿ, ಭೂತಗನ್ನಡಿಗೂ ನಿಲುಕದ ಅಕ್ಷರಗಳಲ್ಲಿ ಇರುತ್ತದೆ. ಹಾಳೆಹಾಳೆಯಾಗಿ ಕತ್ತರಿಸಿ ಕೊಡುವ ಅಂಗಡಿಗಳಲ್ಲಿ ಅದೂ ಸಿಗುವುದಿಲ್ಲ. ಮಲಯಾಳಿಗಳು ಪಾರ್ಶ್ವಫಲ ಎನ್ನುತ್ತಾರೆ, ನಾವು ಅಡ್ಡಪರಿಣಾಮ ಎನ್ನುತ್ತೇವೆ. ಇಷ್ಟು ಗೊತ್ತಿದ್ದರೆ ಮಾರುಕಟ್ಟೆಯ ವ್ಯವಹಾರ ಸಾಗುತ್ತದೆ. ಆದರೆ ವೈದ್ಯರ ಎದುರು ಕುಳಿತಾಗ ನನಗೆ ಒಂದು ಸತ್ಯ ಹೊಳೆಯಿತು. ಇಂಗ್ಲಿಷಿನಲ್ಲಿ ನಾನು ಲಕ್ಷಣಗಳನ್ನು ಹೇಳಬಲ್ಲೆ, ನಾಚಿಕೆಯನ್ನು ಹೇಳಲಾರೆ. ಮಲಯಾಳದಲ್ಲಿ ತರಕಾರಿ ಕೊಳ್ಳಬಲ್ಲೆ, ತಪ್ಪೊಪ್ಪಿಗೆ ಮಾಡಲಾರೆ. ಕನ್ನಡದಲ್ಲಿ ಹೇಳಬಹುದಾಗಿದ್ದ ಊರಿನ ವೈದ್ಯರು ನಾನೂರು ಕಿಲೋಮೀಟರಿಗೂ ದೂರದಲ್ಲಿದ್ದರು. ಅಲ್ಲಿ ಎಲ್ಲರೂ ಪರಿಚಿತರಾದ್ದರಿಂದ ಅವರಿಗೂ ಹೇಳುತ್ತಿರಲಿಲ್ಲವೇನೋ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳೆಂದರೆ ಶಾಲೆ, ಕಚೇರಿ, ನಾಮಫಲಕಗಳೆಂದು ನಾನು ಇಷ್ಟು ಕಾಲ ಬರೆದೆ. ಚಿಕಿತ್ಸಾಲಯದ ಮೇಜಿನ ಎರಡೂ ಬದಿಯ ಮಾತು ಅದರಲ್ಲಿ ಸೇರಿರಲಿಲ್ಲ.

ಈ ವಿಷಯದಲ್ಲಿ ಸರ್ಕಾರ ಏನೂ ಮಾಡಿಲ್ಲವೆಂದು ದೂರುವಂತಿಲ್ಲ. ಮಾಡಿದ್ದು ನಮಗೆ ತಲುಪಿಲ್ಲ. 2010ರಲ್ಲಿ ಭಾರತ ಸರ್ಕಾರ ಔಷಧ ಜಾಗರೂಕತೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2011ರಿಂದ ಅದರ ಕೇಂದ್ರ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದಲ್ಲಿದೆ. ತಿರುವನಂತಪುರದ ಸರ್ಕಾರಿ ವೈದ್ಯಕೀಯ ಕಾಲೇಜು, ಕೊಚ್ಚಿಯ ಅಮೃತಾ ಸಂಸ್ಥೆ ಮುಂತಾದೆಡೆ ಅದರ ನಿಗಾ ಕೇಂದ್ರಗಳಿವೆ. ವರದಿಯನ್ನು ವೈದ್ಯರೇ ಕೊಡಬೇಕೆಂದಿಲ್ಲ, ರೋಗಿಯೂ ಕೊಡಬಹುದು. ಅದಕ್ಕಾಗಿ ಇರುವ ನಮೂನೆ ಹಿಂದಿ, ಮಲಯಾಳಗಳಂತೆ ಕನ್ನಡದಲ್ಲಿಯೂ ಅಚ್ಚಾಗಿದೆ. ಶುಲ್ಕವಿಲ್ಲದ ದೂರವಾಣಿ ಸಂಖ್ಯೆ 1800 180 3024. ವರದಿ ಮಾಡಿದವರ ಗುರುತು ಗುಟ್ಟಾಗಿರುತ್ತದೆ, ವರದಿಯಿಂದ ಯಾರ ಮೇಲೂ ದಾವೆಯಾಗುವುದಿಲ್ಲ. ನಾನು ಕನ್ನಡದ ನಮೂನೆಯನ್ನೇ ತರಿಸಿ ತುಂಬಿದೆ. ಔಷಧದ ಹೆಸರು, ಆರಂಭಿಸಿದ ದಿನ, ನಿಲ್ಲಿಸಿದ ದಿನ ಇವೆಲ್ಲ ಕ್ಯಾಲೆಂಡರಿನಿಂದ ಸಿಕ್ಕವು. ಅಡ್ಡಪರಿಣಾಮವನ್ನು ವಿವರಿಸುವ ಜಾಗದಲ್ಲಿ ಲೇಖನಿ ಹಿಡಿದು ಅರ್ಧ ಗಂಟೆ ಕುಳಿತಿದ್ದೆ. ಕೊನೆಗೆ ‘ಲಾಟರಿ ಚೀಟಿ ಕೊಳ್ಳುವ ತಡೆಯಲಾರದ ಬಯಕೆ, ಅದನ್ನು ಮನೆಯವರಿಂದ ಮುಚ್ಚಿಟ್ಟದ್ದು’ ಎಂದು ಬರೆದೆ. ಎರಡನೆಯ ಭಾಗ ವಿಜ್ಞಾನಕ್ಕೆ ಅನಗತ್ಯವಿರಬಹುದು.

ಮಾತ್ರೆಯನ್ನು ಬಿಟ್ಟ ಬಗೆಯನ್ನೂ ಹೇಳಬೇಕು, ಏಕೆಂದರೆ ಇದನ್ನು ಓದಿ ಯಾರಾದರೂ ಇಂದೇ ರಾತ್ರಿ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಿದರೆ ಅನಾಹುತವಾದೀತು. ಈ ಔಷಧಗಳನ್ನು ಒಮ್ಮೆಲೇ ನಿಲ್ಲಿಸಿದರೆ ಉದ್ವೇಗ, ಬೆವರು, ಖಿನ್ನತೆ ಮುಂತಾದ ತೊಂದರೆಗಳು ಬರುತ್ತವೆ. 2010ರಿಂದ ವೈದ್ಯಶಾಸ್ತ್ರದಲ್ಲಿ ಅದಕ್ಕೆ ಪ್ರತ್ಯೇಕ ಹೆಸರೇ ಇದೆ. ಪಾರ್ಕಿನ್ಸನ್ ಕಾಯಿಲೆಯವರಿಗಂತೂ ಇವು ಎದ್ದು ನಡೆಯುವ ಶಕ್ತಿಯನ್ನೇ ಕೊಡುತ್ತವೆ, ಬಹುಮಂದಿಗೆ ಇಂತಹ ತೊಂದರೆಯೂ ಆಗುವುದಿಲ್ಲ. ನನ್ನ ವೈದ್ಯೆ ವಾರವಾರವೂ ಸ್ವಲ್ಪ ಸ್ವಲ್ಪ ಇಳಿಸಿದರು. ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಸಂಗ್ರಹ ಕಡಿಮೆಯಿತ್ತು. ಈ ಕಾಲಿನ ವ್ಯಥೆಗೆ ಕಬ್ಬಿಣದ ಕೊರತೆಯೂ ಕಾರಣವಾಗಬಲ್ಲುದಂತೆ. ಮೊದಲೇ ಅದನ್ನು ನೋಡಿದ್ದರೆ ಎಂದು ಯೋಚಿಸುವುದನ್ನು ಈಗ ಬಿಟ್ಟಿದ್ದೇನೆ. ಅಮೆರಿಕದ ನಿದ್ರಾವೈದ್ಯರ ಸಂಸ್ಥೆ 2025ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಕಾಯಿಲೆಗೆ ಪ್ರಾಮಿಪೆಕ್ಸೋಲ್ ವರ್ಗದ ಔಷಧಗಳನ್ನು ವಾಡಿಕೆಯಾಗಿ ಕೊಡಬೇಡಿರೆಂದೇ ಹೇಳುತ್ತದೆ. ಇಳಿಸುವ ಆ ವಾರಗಳು ಸುಖದವಾಗಿರಲಿಲ್ಲ. ಕಾಲು ಮತ್ತೆ ಹರಿದಾಡಿತು, ನಿದ್ದೆ ಹೋಯಿತು, ಸಣ್ಣ ಮಾತಿಗೂ ಸಿಡಿಯುತ್ತಿದ್ದೆ. ಹೆಂಡತಿ ಎ.ಟಿ.ಎಂ. ಕಾರ್ಡನ್ನು ತನ್ನ ಬಳಿ ಇಟ್ಟುಕೊಂಡಳು. ಅದಕ್ಕೆ ನಾನೇ ಒಪ್ಪಿದ್ದರೂ ಪ್ರತಿ ದಿನವೂ ಅವಮಾನವೆನಿಸಿತು. ನವೆಂಬರಿನಲ್ಲಿ ಒಂದು ದಿನ ಗಡಿಯಾರ ನೋಡಿದಾಗ 3 ಗಂಟೆ 40 ನಿಮಿಷವಾಗಿತ್ತು. ಎತ್ತುವಳಿಯ ಹೊತ್ತು ಕಳೆದುಹೋದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಲಾಟರಿಯ ಬಗ್ಗೆ ಒಂದು ಮಾತು ಬಾಕಿಯಿದೆ. ನನ್ನ ಅನುಭವದಿಂದ ಕೇರಳ ಸರ್ಕಾರವನ್ನು ನಿಂದಿಸಲು ಮನಸ್ಸಿಲ್ಲ. ಬಡವರ ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ಚಿಕಿತ್ಸೆಗಳಿಗೆ ನೆರವಾಗಲು 2012ರಲ್ಲಿ ಇಲ್ಲಿ ಕಾರುಣ್ಯ ನಿಧಿ ಆರಂಭವಾದಾಗ ಹಣ ಬಂದದ್ದು ಅದೇ ಹೆಸರಿನ ಲಾಟರಿಯಿಂದ. ಔಷಧದಿಂದಾಗಿ ನಾನು ಲಾಟರಿಗೆ ಬಿದ್ದೆ, ಲಾಟರಿಯಿಂದಾಗಿ ಯಾರಿಗೋ ಔಷಧ ಸಿಕ್ಕಿತು. ಈ ವಿನೋದವನ್ನು ಹೆಂಡತಿಗೆ ಹೇಳಿದಾಗ ಆಕೆ ನಗಲಿಲ್ಲ. ಸೌತ್ ನಿಲ್ದಾಣದ ಹೊರಗಿನ ಆ ಚೀಟಿ ಮಾರುವಾತ ಇಂದೂ ನನ್ನನ್ನು ಕಂಡರೆ ಕೈಯೆತ್ತುತ್ತಾನೆ. ನಾನೂ ಕೈಯೆತ್ತುತ್ತೇನೆ. ಒಂದು ಚಹಾ ಕುಡಿಯೋಣವೆಂದು ಒಮ್ಮೆ ಕರೆದದ್ದೂ ಉಂಟು. ಎಂಟು ತಿಂಗಳು ಅವನ ಅತ್ಯುತ್ತಮ ಗಿರಾಕಿಯಾಗಿದ್ದವನು ಏಕೆ ಮಾಯವಾದನೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ನಮ್ಮ ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಕೋಶಾಧಿಕಾರಿಯ ಸ್ಥಾನಕ್ಕೆ ನನ್ನ ಹೆಸರನ್ನು ಮತ್ತೆ ಸೂಚಿಸುವ ಯೋಚನೆಯಿದೆಯೆಂದು ಅಧ್ಯಕ್ಷರು ತಿಳಿಸಿದ್ದಾರೆ. ಮೇ ತಿಂಗಳ ಆ ಬೆಳಗ್ಗೆ ಲಕೋಟೆಯನ್ನು ತಂದುಕೊಟ್ಟ ಕಾರಣ ಅವರಿಗೆ ಈವರೆಗೆ ಗೊತ್ತಿಲ್ಲ. ಈ ಲೇಖನವನ್ನು ಸಭೆಗೆ ಮೊದಲಿನ ಸಂಚಿಕೆಯಲ್ಲಿಯೇ ಪ್ರಕಟಿಸಬೇಕೆಂದು ಸಂಪಾದಕರನ್ನು ಕೋರಿದ್ದೇನೆ.